ನೆರಳಿನ ಗಳಿಕೆ: ಕಾನಿನ ಸಸಿ, ಅಡವಿಯ ಸಸಿ



ಕಾಡು ಎಂದೊಡನೆ ನಮ್ಮ ಕಣ್ಣು ಮೇಲಕ್ಕೆ ಹೋಗುತ್ತದೆ. ಮರದ ಎತ್ತರ, ಸುತ್ತಳತೆ, ಹೂವು, ಕಾಯಿ, ನಾಟದ ಬೆಲೆ, ಹೀಗೆ ಮಾತೆಲ್ಲ ಅಲ್ಲಿಯೇ ಸುತ್ತುತ್ತದೆ. ಈ ಹೊತ್ತು ಸ್ವಲ್ಪ ಕೆಳಗೆ ನೋಡೋಣ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಗೇಣುದ್ದದಿಂದ ಆಳೆತ್ತರದವರೆಗಿನ ಸಸಿಗಳ ಲೋಕ ಅದು. ಇನ್ನು ನೂರು ವರ್ಷಕ್ಕೆ ಆ ಕಾಡು ಏನಾಗಿರುತ್ತದೆ ಎಂಬುದು ಬಹುಮಟ್ಟಿಗೆ ಈಗಲೇ ಅಲ್ಲಿ ನಿಂತಿದೆ. ನಿಂತದ್ದು ಬದುಕುತ್ತದೆಯೆ ಎಂಬುದು ಮಾತ್ರ ದಿನದಿನವೂ ತೀರ್ಮಾನವಾಗುತ್ತಿರುತ್ತದೆ. ಹಗಲಿನಲ್ಲಿ ಎಲೆ ಕಟ್ಟಿದ ಸಕ್ಕರೆ ಹೆಚ್ಚೋ, ಹಗಲೂ ಇರುಳೂ ಬೇರು, ಕಾಂಡ, ಎಲೆಗಳು ಉಸಿರಾಟದಲ್ಲಿ ಕಳೆದದ್ದು ಹೆಚ್ಚೋ, ಪ್ರಶ್ನೆ ಇಷ್ಟೇ.

ಈ ಪ್ರಶ್ನೆಯನ್ನು ಇಟ್ಟುಕೊಂಡು ನಡೆಯಲು ಸೊರಬ, ಸಾಗರ, ಸಿದ್ದಾಪುರದ ಸೀಮೆಗಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಅಲ್ಲಿ ಎಲೆ ಉದುರಿಸುವ ಅಡವಿಯ ನಡುವೆ ನಿತ್ಯಹಸುರಿನ ಕಾನುಗಳಿವೆ. ಒಂದು ಕಡೆ ಮತ್ತಿ, ನಂದಿ, ಹೊನ್ನೆ, ಜಂಬೆ, ಬೀಟೆ. ನಾಲ್ಕು ಹೆಜ್ಜೆ ಆಚೆ ಹೈಗ, ಸುರಗಿ, ನಾಗಸಂಪಿಗೆ, ರಾಂಪತ್ರೆ, ಮರಕ್ಕೆ ಹಬ್ಬಿದ ಕಾಳುಮೆಣಸು. ಮಳೆ ಅದೇ, ಆಕಾಶ ಅದೇ. ಆದರೆ ಮಾಘ ಮಾಸದಲ್ಲಿ ಅಡವಿಯ ನೆಲಕ್ಕೆ ಬಿಸಿಲು ಸುರಿಯುತ್ತಿರುವಾಗ ಕಾನಿನೊಳಗೆ ಪತ್ರಿಕೆ ಓದುವಷ್ಟೂ ಬೆಳಕಿಲ್ಲ ಎನಿಸುತ್ತದೆ. ಎರಡೂ ಕಡೆ ಸಸಿಗಳಿವೆ, ಎರಡೂ ಕಡೆಯವು ದ್ಯುತಿಸಂಶ್ಲೇಷಣೆಯಿಂದಲೇ ಬದುಕಬೇಕು. ಬದುಕುವ ದಾರಿಗಳು ಮಾತ್ರ ಬೇರೆ.

ಮೊದಲು ಬೆಳಕನ್ನು ಅಳೆಯೋಣ. ಮೋಡವಿಲ್ಲದ ನಡುಹಗಲು ಬಯಲಿನ ಒಂದು ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ ಫೋಟಾನುಗಳು ಬೀಳುತ್ತವೆ. ದಟ್ಟ ನಿತ್ಯಹಸುರಿನ ಕಾಡಿನ ನೆಲಕ್ಕೆ ಬಂದು ಮುಟ್ಟುವುದು ಅದರ ನೂರರಲ್ಲಿ ಒಂದೋ ಎರಡೋ ಪಾಲು. ನೆಲದ ಪ್ರತಿ ಚದರ ಮೀಟರಿನ ಮೇಲೆ ಐದಾರು ಚದರ ಮೀಟರು ಎಲೆ ಹರಡಿರುವಾಗ ಉಳಿಯುವುದಾದರೂ ಎಷ್ಟು? ಉಳಿದದ್ದೂ ಒಳ್ಳೆಯ ಬೆಳಕಲ್ಲ. ಮೇಲಿನ ಎಲೆಗಳು ಕೆಂಪು ಮತ್ತು ನೀಲಿಯನ್ನು ತಾವೇ ಹೀರಿಕೊಂಡು, ತಮಗೆ ಬೇಡವಾದ ಅತಿಗೆಂಪು (ಫಾರ್-ರೆಡ್) ಕಿರಣಗಳನ್ನು ಕೆಳಕ್ಕೆ ಬಿಡುತ್ತವೆ. ಬಯಲಿನಲ್ಲಿ ಕೆಂಪು ಮತ್ತು ಅತಿಗೆಂಪುಗಳ ಪ್ರಮಾಣ ಹೆಚ್ಚುಕಡಿಮೆ ಸಮ. ದಟ್ಟ ನೆರಳಿನಲ್ಲಿ ಕೆಂಪು, ಅತಿಗೆಂಪಿನ ಕಾಲುಭಾಗಕ್ಕೂ ಇಳಿಯಬಹುದು. ಗಿಡದೊಳಗಿನ ಫೈಟೊಕ್ರೋಮ್ ಎಂಬ ವರ್ಣದ್ರವ್ಯ ಈ ಪ್ರಮಾಣವನ್ನು ಗುರುತಿಸುತ್ತದೆ. ಬಯಲುಪ್ರಿಯ ಸಸಿ ಆ ಸುದ್ದಿ ತಲುಪಿದೊಡನೆ ಕಾಂಡವನ್ನು ಉದ್ದ ಎಳೆದು ಬೆಳಕಿಗಾಗಿ ಏಳಲು ನೋಡುತ್ತದೆ. ಕಾನಿನ ಸಸಿ ಅದೇ ಸುದ್ದಿ ಕೇಳಿಯೂ ಎಳೆದುಕೊಳ್ಳುವುದಿಲ್ಲ. ಮೂವತ್ತು ಮೀಟರು ಎತ್ತರದ ಮರಗಳ ಕೆಳಗೆ ಗೇಣುದ್ದದ ಗಿಡ ಎಷ್ಟು ಎಳೆದುಕೊಂಡರೂ ಪ್ರಯೋಜನವಿಲ್ಲ, ಸೊರಗಿ ಬಾಗುವುದೊಂದೇ ಫಲ.

ಇಷ್ಟು ಕಡಿಮೆ ಬೆಳಕಿನಲ್ಲಿ ಎಲೆ ಏನು ಮಾಡುತ್ತದೆ? ಒಂದು ಎಲೆಯ ಗಳಿಕೆಯೂ ಅದರದೇ ಉಸಿರಾಟದ ಖರ್ಚೂ ಸರಿಸಮವಾಗುವ ಒಂದು ಬೆಳಕಿನ ಮಟ್ಟವಿದೆ. ಅದಕ್ಕೆ ಸಮತೋಲನ ಬಿಂದು ಎನ್ನೋಣ. ಬಿಸಿಲಿಗೆ ಒಗ್ಗಿದ ಎಲೆಯಲ್ಲಿ ಅದು ಎತ್ತರದಲ್ಲಿರುತ್ತದೆ. ನೆರಳಿನ ಎಲೆಯಲ್ಲಿ ಐದಾರು ಮೈಕ್ರೋಮೋಲಿನಷ್ಟು ಕೆಳಕ್ಕೂ ಇಳಿಯಬಲ್ಲದು. ಹೀಗೆ ಇಳಿಸಿಕೊಳ್ಳುವ ಉಪಾಯ ಬೆಳಕನ್ನು ಜಾಣತನದಿಂದ ಹಿಡಿಯುವುದಕ್ಕಿಂತಲೂ ಖರ್ಚನ್ನು ಕಡಿಮೆ ಮಾಡುವುದರಲ್ಲಿದೆ. ನೆರಳಿನ ಎಲೆಯಲ್ಲಿ ಇಂಗಾಲವನ್ನು ಹಿಡಿಯುವ ರುಬಿಸ್ಕೋ ಎಂಬ ಕಿಣ್ವ ಕಡಿಮೆ. ಆ ಪ್ರೋಟೀನನ್ನು ಕಟ್ಟಲೂ ಕಾಪಾಡಲೂ ಆಗುವ ಖರ್ಚು ದೊಡ್ಡದು, ಅದಕ್ಕೆ ಸಾಕಷ್ಟು ಕೆಲಸ ಕೊಡುವ ಬೆಳಕು ಅಲ್ಲಿಲ್ಲ. ಬದಲಿಗೆ ಸಾರಜನಕದ ಹೆಚ್ಚಿನ ಪಾಲು ಬೆಳಕು ಹಿಡಿಯುವ ಪತ್ರಹರಿತಿನ ಜೋಡಣೆಗೆ ಹೋಗುತ್ತದೆ. ಎಲೆಗಳು ಒಂದರ ಮೇಲೊಂದು ಬೀಳದಂತೆ ಅಡ್ಡಕ್ಕೆ ಹಾಸಿಕೊಂಡಿರುತ್ತವೆ. ಹೈಗದ ಎಳೆಗಿಡವನ್ನು ಮೇಲಿನಿಂದ ನೋಡಿದರೆ ಇದು ತಿಳಿಯುತ್ತದೆ.

ಎಲೆಯೊಂದರ ಲೆಕ್ಕ ಸರಿಹೋದರೆ ಗಿಡದ ಲೆಕ್ಕ ಸರಿಹೋಯಿತೆಂದಲ್ಲ. ಅಮೆರಿಕದ ಸಸ್ಯವಿಜ್ಞಾನಿ ಥಾಮಸ್ ಗಿವ್ನಿಶ್ 1988ರಲ್ಲಿ ಈ ಮಾತನ್ನು ಬಲವಾಗಿ ಹೇಳಿದರು. ಕಾಂಡ ಮತ್ತು ಬೇರು ಗಳಿಸುವುದಿಲ್ಲ, ಉಸಿರಾಡುತ್ತವೆ. ಹೊಸ ಎಲೆ ಕಟ್ಟುವುದಕ್ಕೂ ಸಕ್ಕರೆ ಬೇಕು. ಗಿಡ ಎತ್ತರವಾದಂತೆಲ್ಲ ಗಳಿಸದ ಅಂಗಗಳ ಪಾಲು ಹೆಚ್ಚುತ್ತದೆ. ಆದ್ದರಿಂದ ಗೇಣುದ್ದದ ಸಸಿಗೆ ಸಾಕಾದ ಬೆಳಕು ಆಳೆತ್ತರದ ಸಸಿಗೆ ಸಾಲದು. ಕಾಡಿನ ಕೆಳಗೆ ಚಿಕ್ಕ ಸಸಿಗಳು ನೂರಾರು ಕಂಡು, ಎದೆಯೆತ್ತರದವು ಕೆಲವೇ ಕಾಣುವುದಕ್ಕೆ ದನ, ಜಿಂಕೆ, ಕಾಯಿಲೆ ಮಾತ್ರ ಕಾರಣವಲ್ಲ. ಬೆಳೆಯುವುದೇ ಅಲ್ಲಿ ಅಪಾಯದ ಕೆಲಸ. ಎಷ್ಟೋ ಸಸಿಗಳು ವರ್ಷಕ್ಕೆ ಒಂದೆರಡು ಎಲೆ ಬಿಟ್ಟು, ಬೆರಳಗಲ ಬೆಳೆದು ನಿಲ್ಲುತ್ತವೆ. ಮೊಣಕಾಲೆತ್ತರದ ಗಿಡಕ್ಕೆ ಹತ್ತಾರು ವರ್ಷ ವಯಸ್ಸಾಗಿರುವುದು ಮಳೆಕಾಡುಗಳಲ್ಲಿ ಅಪರೂಪವಲ್ಲ.

ನೆಲದ ಬೆಳಕು ಹೀಗೆ ಒಂದೇ ಸಮನೆ ಮಂಕಾಗಿದ್ದಿದ್ದರೆ ಬಹುಶಃ ಯಾವ ಸಸಿಯೂ ಉಳಿಯುತ್ತಿರಲಿಲ್ಲ. ಉಳಿಸುವುದು ಬಿಸಿಲಕೋಲು. ಮೇಲಿನ ಎಲೆಗಳ ಸಂದಿಯಿಂದ ಇಳಿದ ಬಿಸಿಲಿನ ಮಚ್ಚೆ ಕೆಲವು ಸೆಕೆಂಡು, ಕೆಲವೊಮ್ಮೆ ಕೆಲವು ನಿಮಿಷ ಎಲೆಯ ಮೇಲಿದ್ದು ಸರಿದುಹೋಗುತ್ತದೆ. 1972ರಲ್ಲಿ ಓಲೆ ಬ್ಯೋರ್ಕ್‌ಮನ್ ಮತ್ತು ಲಡ್ಲೋ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ನೆಲದ ಬೆಳಕನ್ನು ಅಳೆದು, ದಿನದ ಒಟ್ಟು ಬೆಳಕಿನಲ್ಲಿ ಅರ್ಧಕ್ಕೂ ಮಿಕ್ಕಿದ ಪಾಲು ಇಂಥ ಕ್ಷಣಿಕ ಬಿಸಿಲಿನಿಂದ ಬರುತ್ತದೆ ಎಂದು ತೋರಿಸಿದರು. ಮುಂದೆ ರಾಬರ್ಟ್ ಪಿಯರ್ಸಿ ಹವಾಯಿಯ ಕಾಡಿನ ಎರಡು ಜಾತಿಯ ಸಸಿಗಳನ್ನು ಅನುಸರಿಸಿ, ಯಾವ ಸಸಿಗೆ ದಿನಕ್ಕೆ ಹೆಚ್ಚು ನಿಮಿಷ ಬಿಸಿಲಕೋಲು ಸಿಗುವಂತಿದೆಯೋ ಅದು ಹೆಚ್ಚು ಬೆಳೆಯುತ್ತದೆ ಎಂದು 1983ರಲ್ಲಿ ಪ್ರಕಟಿಸಿದರು.

ಇಲ್ಲಿ ಒಂದು ತೊಡಕಿದೆ, ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದದ್ದೂ ಅದೇ. ಬಹಳ ಹೊತ್ತು ಕತ್ತಲಲ್ಲಿದ್ದ ಎಲೆಗೆ ಥಟ್ಟನೆ ಬಿಸಿಲು ಬಿದ್ದರೆ ಅದು ಕೂಡಲೆ ಪೂರ್ತಿ ದುಡಿಯಲಾರದು. ರುಬಿಸ್ಕೋ ಮಂಕಾಗಿರುತ್ತದೆ, ಇನ್ನೊಂದು ಕಿಣ್ವ ಬಂದು ಅದನ್ನು ಚುರುಕುಗೊಳಿಸಲು ಹಲವು ನಿಮಿಷ ಬೇಕು. ಪತ್ರರಂಧ್ರಗಳು ಅರೆಮುಚ್ಚಿರುತ್ತವೆ, ಅವು ತೆರೆಯುವುದು ಇನ್ನೂ ನಿಧಾನ. ಪೂರ್ತಿ ವೇಗ ಬರಲು ಇಪ್ಪತ್ತು ಮೂವತ್ತು ನಿಮಿಷ ಬೇಕಾಗುತ್ತದೆ. ಬಿಸಿಲಕೋಲು ಅಷ್ಟು ಹೊತ್ತು ಇರುವುದೇ ಅಪರೂಪ. ಹಾಗಾದರೆ ಅದರ ಬಹುಪಾಲು ವ್ಯರ್ಥವಲ್ಲವೆ? ರಾಬಿನ್ ಚಾಜ್ಡನ್ ಮತ್ತು ಪಿಯರ್ಸಿ 1986ರಲ್ಲಿ ಇದನ್ನು ಪರೀಕ್ಷಿಸಿದರು. ಅವರು ಆರಿಸಿದ ಗಿಡಗಳು ಎರಡು: ಕಾಡಿನ ಕೆಳಸ್ತರದಲ್ಲಿ ಬೆಳೆಯುವ, ನಮ್ಮ ಕೆಸುವಿನ ಬಳಗದ ಅಲೊಕೇಸಿಯ, ಮತ್ತು ನಮ್ಮಲ್ಲಿ ಗಂಧಗರಿಗೆ ಎನ್ನುವ ಮರದ ಬಳಗದ ಟೂನ. ಒಮ್ಮೆ ಚುರುಕಾದ ಎಲೆ ಮತ್ತೆ ನೆರಳು ಕವಿದೊಡನೆ ಮಂಕಾಗುವುದಿಲ್ಲ, ಆ ಸಿದ್ಧತೆ ನಿಧಾನವಾಗಿ ಇಳಿಯುತ್ತದೆ. ಮೊದಲನೆಯ ಮಚ್ಚೆ ಎಲೆಯನ್ನು ಎಬ್ಬಿಸಿದರೆ ಎರಡನೆಯದು, ಮೂರನೆಯದು ಅದರ ಲಾಭ ಪಡೆಯುತ್ತವೆ. ಇನ್ನೂ ಒಂದು ಸೊಗಸಿದೆ. ಬಿಸಿಲು ಸರಿದ ಮೇಲೂ ಕೆಲವು ಕ್ಷಣ ಎಲೆ ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತಲೇ ಇರುತ್ತದೆ, ಬೆಳಕಿದ್ದಾಗ ತಯಾರಾಗಿ ಕೂಡಿಟ್ಟ ಸಂಯುಕ್ತಗಳು ಮುಗಿಯುವವರೆಗೆ. ಐದಾರು ಸೆಕೆಂಡಿನ ಮಚ್ಚೆಗೆ ಈ ಹೆಚ್ಚುವರಿ ಗಳಿಕೆ ಸಣ್ಣದಲ್ಲ.

ಹೀಗಾಗಿ ಮೇಲ್ಛಾವಣಿಯ ಯಾವ ಕೊಂಬೆ ಎಲ್ಲಿ ತೂಗುತ್ತದೆ, ಗಾಳಿ ಯಾವ ಹೊತ್ತಿಗೆ ಏಳುತ್ತದೆ, ಇಳಿಜಾರು ಯಾವ ದಿಕ್ಕಿಗಿದೆ ಎಂಬುದೆಲ್ಲ ಒಂದೊಂದು ಸಸಿಯ ಆಯುಷ್ಯವನ್ನು ಮುಟ್ಟುತ್ತದೆ. ಒಂದೇ ತಾಯಿಮರದ ಎರಡು ಬೀಜ ಎರಡು ಮೊಳ ದೂರದಲ್ಲಿ ಮೊಳೆತು, ಒಂದು ಉಳಿದು ಒಂದು ಸಾಯುವುದನ್ನು ಅದೃಷ್ಟ ಎನ್ನುತ್ತೇವೆ. ಆ ಅದೃಷ್ಟಕ್ಕೆ ಅಳತೆಯಿದೆ.

ಈಗ ಎಲೆಯ ಆಯುಷ್ಯಕ್ಕೆ ಬರೋಣ. ನಿತ್ಯಹಸುರಿನ ಸಸಿಗೂ ಎಲೆ ಉದುರಿಸುವ ಸಸಿಗೂ ನಿಜವಾದ ಅಂತರ ಇಲ್ಲಿದೆ. ಜಪಾನಿನ ಕಿಹಾಚಿರೊ ಕಿಕುಜಾವ 1991ರಲ್ಲಿ ಇದನ್ನು ಲಾಭ ವೆಚ್ಚಗಳ ಸಿದ್ಧಾಂತವಾಗಿ ಬರೆದರು. ಎಲೆ ಕಟ್ಟುವುದಕ್ಕೆ ಒಮ್ಮೆಗೆ ಖರ್ಚಾಗುತ್ತದೆ, ಆ ಖರ್ಚು ಮರಳಿ ಬರುವವರೆಗೆ ಎಲೆ ಗಿಡದ ಮೇಲಿರಬೇಕು. ದಿನದ ಗಳಿಕೆ ಕಡಿಮೆಯಿದ್ದಲ್ಲಿ ಎಲೆ ಹೆಚ್ಚು ಕಾಲ ಬದುಕಬೇಕು, ಹೆಚ್ಚು ಕಾಲ ಬದುಕಲು ಗಟ್ಟಿಯಾಗಿರಬೇಕು, ಗಟ್ಟಿ ಮಾಡಲು ಮತ್ತಷ್ಟು ಖರ್ಚು. ಕಾನಿನ ಸಸಿಯ ಎಲೆ ಮನೆಯ ತಾಮ್ರದ ಹಂಡೆಯಂಥದು, ಮತ್ತಿಯ ಸಸಿಯ ಎಲೆ ಊಟಕ್ಕೆ ಹಚ್ಚಿದ ಪತ್ರಾವಳಿಯಂಥದು. 2004ರಲ್ಲಿ ಇಯಾನ್ ರೈಟ್ ಮತ್ತು ಸಂಗಡಿಗರು ಲೋಕದ 175 ಜಾಗಗಳ 2548 ಜಾತಿಗಳ ಎಲೆಗಳನ್ನು ಕೂಡಿಸಿ ನೋಡಿದಾಗ ಇದೇ ಕ್ರಮ ಕಂಡಿತು. ತೆಳ್ಳಗಿನ, ಸಾರಜನಕ ಹೆಚ್ಚಿರುವ, ಬೇಗ ಗಳಿಸಿ ಬೇಗ ಉದುರುವ ಎಲೆಗಳು ಒಂದು ತುದಿಗೆ. ದಪ್ಪನೆಯ, ನಿಧಾನದ, ದೀರ್ಘಾಯುಷಿ ಎಲೆಗಳು ಇನ್ನೊಂದು ತುದಿಗೆ.

ಮಳೆಕಾಡಿನ ಕೆಳಗೆ ಒಂದೊಂದು ಎಲೆ ಹಲವು ವರ್ಷ ಇರುತ್ತದೆ. ಅಷ್ಟು ಕಾಲ ಅದನ್ನು ಹುಳುಗಳಿಂದ ಕಾಯಬೇಕು. ನಾಗಸಂಪಿಗೆಯ ಚಿಗುರು ಕೆಂಪಾಗಿ ಜೋತುಬೀಳುವುದನ್ನು ನೀವೆಲ್ಲ ನೋಡಿದ್ದೀರಿ. ಆ ಚಿಗುರಿನಲ್ಲಿ ಪತ್ರಹರಿತು ಇನ್ನೂ ತುಂಬಿರುವುದಿಲ್ಲ. ಎಳೆ ಎಲೆಯನ್ನೇ ಹುಳುಗಳು ಹೆಚ್ಚು ತಿನ್ನುವುದು, ಆದ್ದರಿಂದ ಎಲೆ ಬಲಿಯುವವರೆಗೆ ಬೆಲೆಬಾಳುವ ಸಾರಜನಕವನ್ನು ಅದರೊಳಗೆ ಇಡದಿರುವುದು ಗಿಡಕ್ಕೆ ಲಾಭ ಎಂದು ಥಾಮಸ್ ಕುರ್ಸಾರ್ ಮತ್ತು ಫಿಲಿಸ್ ಕೋಲಿ 1992ರಲ್ಲಿ ವಾದಿಸಿದರು. ನನಗೆ ಈ ವಾದ ಒಪ್ಪಿಗೆ. ನೆರಳಿನಲ್ಲಿ ಬೇಗ ಹಸುರಾಗಿಯೂ ಹೆಚ್ಚು ಗಳಿಸಲಾಗದು, ತಿಂದುಹೋದರೆ ಮಾತ್ರ ಕಳೆದುಕೊಳ್ಳುವುದು ಬಹಳ. ಎಲೆ ಹಳತಾದ ಮೇಲೆ ಇನ್ನೊಂದು ಕಾಟ: ಪಾಚಿ, ಕಲ್ಲುಹೂವು, ಹಾವಸೆ ಎಲೆಯ ಮೇಲೆಯೇ ಬೆಳೆದು ಇದ್ದ ಬೆಳಕನ್ನೂ ತಿನ್ನುತ್ತವೆ.

ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ನೆರಳು ತಾಳುವ ಜಾತಿಯೆಂದರೆ ನೆರಳಿನಲ್ಲಿ ಬೇರೆಯವಕ್ಕಿಂತ ಚೆನ್ನಾಗಿ ಬೆಳೆಯುವ ಜಾತಿ ಎಂದು ನಮ್ಮ ಪಠ್ಯಗಳು ಸೂಚಿಸುತ್ತವೆ. ಕಾವೊರು ಕಿತಾಜಿಮ ಪನಾಮದ ಬಾರೊ ಕೊಲರಾಡೊ ದ್ವೀಪದಲ್ಲಿ 13 ಜಾತಿಯ ಮರಗಳ ಮೊಳಕೆಗಳನ್ನು ಬಿಸಿಲಿನಲ್ಲೂ ನೆರಳಿನಲ್ಲೂ ಬೆಳೆಸಿ 1994ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಇದೆ. ಬೇಗ ಬೆಳೆಯುವ, ಕಾಡಿನ ನೆರಳಿನಲ್ಲಿ ಹೆಚ್ಚು ಸಾಯುವ ಜಾತಿಗಳೇ ನೆರಳಿನಲ್ಲಿಯೂ ವೇಗವಾಗಿ ಬೆಳೆದವು. ಉಳಿದುಕೊಂಡವು ನಿಧಾನದವು: ಗಟ್ಟಿ ಕಾಂಡ, ಗಟ್ಟಿ ಎಲೆ, ದೊಡ್ಡ ಬೇರು ಕಟ್ಟಿಕೊಂಡವು. ನೆರಳು ತಾಳುವುದು ಎಂದರೆ ಸಾಯದೆ ಇರುವುದು. ನಮ್ಮ ಸಾಲುಧೂಪ ಇದಕ್ಕೆ ತಕ್ಕ ಸಿದ್ಧತೆಯೊಂದಿಗೇ ಹುಟ್ಟುತ್ತದೆ. ಅದರ ದಪ್ಪ ಬೀಜ ಒಣಗಿಸಿ ಇಟ್ಟರೆ ಕೆಲವೇ ವಾರದಲ್ಲಿ ಸಾಯುತ್ತದೆ. ಮಳೆಯ ತೇವದಲ್ಲಿ ಬಿದ್ದರೆ ಕೂಡಲೆ ಮೊಳೆತು, ಬೀಜದ ದಾಸ್ತಾನನ್ನು ಉಣ್ಣುತ್ತ ಮೊದಲ ತಿಂಗಳುಗಳನ್ನು ದಾಟುತ್ತದೆ.

ಅಡವಿಯ ಸಸಿಯ ಕಥೆಯೇ ಬೇರೆ. ಅದಕ್ಕೆ ನೆರಳಿಗಿಂತ ಕಾಲದ ಕಷ್ಟ ದೊಡ್ಡದು. ಅಮೆರಿಕದ ಇಲಿನಾಯ್‌ನ ಟ್ರಿಲೀಸ್ ಕಾಡಿನಲ್ಲಿ ಕ್ಯಾರೊಲ್ ಆಗ್ಸ್‌ಪರ್ಗರ್ ಮಾಡಿದ ಪ್ರಯೋಗ ಇಲ್ಲಿ ಹೇಳತಕ್ಕದ್ದು. ಅಲ್ಲಿ ಚಳಿಗಾಲ ಕಳೆದು ವಸಂತ ಬಂದಾಗ ಮೇಪಲ್ ಮತ್ತು ಬಕ್‌ಐ ಸಸಿಗಳು ತಮ್ಮ ಮೇಲಿನ ಮರಗಳಿಗಿಂತ ಮೊದಲೇ ಎಲೆ ಬಿಡುತ್ತವೆ. ಮೇಲೆ ಎಲೆ ಮುಚ್ಚಿಕೊಳ್ಳುವುದರೊಳಗೆ ಕೆಲವು ದಿನಗಳ ತುಂಬು ಬಿಸಿಲು ಸಿಗುತ್ತದೆ. ಆ ದಿನಗಳಲ್ಲಿ ಸಸಿಗಳಿಗೆ ನೆರಳುಬಟ್ಟೆ ಕಟ್ಟಿ ನೋಡಿದಾಗ ಅವುಗಳ ಬೆಳವಣಿಗೆಯೂ ಉಳಿವೂ ಕುಗ್ಗಿದವು. ಆ ಫಲಿತಾಂಶ 2008ರಲ್ಲಿ ಹೊರಬಂತು. ಅಲ್ಲಿ ವಸಂತದಲ್ಲಿ ಬೆಳಕಿನ ಜೊತೆಗೆ ಹಿಮ ಕರಗಿದ ತೇವವೂ ಇರುತ್ತದೆ.

ನಮ್ಮಲ್ಲಿ ಆ ಸೌಲಭ್ಯವಿಲ್ಲ. ಮಳೆಗಾಲದ ನಾಡಿನ ಎಲೆ ಉದುರಿಸುವ ಕಾಡಿನಲ್ಲಿ ಬೆಳಕು ಮತ್ತು ನೀರು ಒಂದಕ್ಕೊಂದು ಬೆನ್ನು ತಿರುಗಿಸಿ ಬರುತ್ತವೆ. ಫೆಬ್ರುವರಿ, ಮಾರ್ಚಿನಲ್ಲಿ ಮರಗಳು ಬೋಳಾಗಿ ನೆಲಕ್ಕೆ ಧಾರಾಳ ಬಿಸಿಲು ಇಳಿದಾಗ ಮಣ್ಣು ಒಣಗಿರುತ್ತದೆ, ಗಾಳಿ ನೀರನ್ನು ಹೀರುತ್ತಿರುತ್ತದೆ. ಜುಲೈಯಲ್ಲಿ ಮಣ್ಣು ನೆನೆದಿರುವಾಗ ಮೇಲೆ ಮೋಡ, ಅದರ ಕೆಳಗೆ ತುಂಬಿದ ಎಲೆ. ಮೋಡದ ಚದುರಿದ ಬೆಳಕು ಎಲ್ಲ ದಿಕ್ಕಿನಿಂದಲೂ ಸಂದಿಗಳಲ್ಲಿ ನುಸುಳುತ್ತದೆ ನಿಜ, ಅದರಿಂದ ಸ್ವಲ್ಪ ಸಮಾಧಾನ. ಆದರೆ ಬಿಸಿಲಕೋಲು ಇರುವುದಿಲ್ಲ.

ಈ ಇಕ್ಕಟ್ಟಿಗೆ ಅಡವಿಯ ಮರಗಳು ಕಂಡುಕೊಂಡ ಒಂದು ದಾರಿ ಮಳೆಗೆ ಮೊದಲೇ ಚಿಗುರುವುದು. ಕೆ.ಎಸ್. ಮುರಳಿ ಮತ್ತು ರಾಮನ್ ಸುಕುಮಾರ್ ಮುದುಮಲೆಯ ಒಣ ಕಾಡಿನಲ್ಲಿ ಅಭ್ಯಾಸ ಮಾಡಿ 1993ರಲ್ಲಿ ಬರೆದಂತೆ, ಹಲವು ಮರಗಳು ಬೇಸಗೆಯಲ್ಲೇ ಎಲೆ ಬಿಟ್ಟು, ಮಳೆಯೊಂದಿಗೆ ಹೆಚ್ಚುವ ಹುಳುಗಳ ಕಾಟದಿಂದ ಪಾರಾಗುತ್ತವೆ. ದೊಡ್ಡ ಮರಕ್ಕೆ ಆಳದ ಬೇರಿದೆ, ಕಾಂಡದಲ್ಲಿ ನೀರಿದೆ. ಗೇಣುದ್ದದ ಸಸಿಗೆ ಎರಡೂ ಇಲ್ಲ. ಅದರ ಉಪಾಯ ನೆಲದೊಳಗಿದೆ. ಮಳೆಗಾಲದ ನಾಲ್ಕಾರು ತಿಂಗಳು ತೆಳ್ಳಗಿನ, ಅಗ್ಗದ ಎಲೆಗಳಿಂದ ಗಳಿಸಿದ್ದರಲ್ಲಿ ದೊಡ್ಡ ಪಾಲನ್ನು ಪಿಷ್ಟವಾಗಿ ಬೇರಿಗೆ ಇಳಿಸುತ್ತದೆ. ಬೇಸಗೆಯಲ್ಲಿ ಬರವೋ ಬೆಂಕಿಯೋ ಕಾಂಡವನ್ನು ಕೊಲ್ಲುತ್ತದೆ. ಮಳೆ ಬಂದಾಗ ಬೇರಿನಿಂದ ಹೊಸ ಕಾಂಡ ಏಳುತ್ತದೆ. ಹೀಗೆ ವರ್ಷವರ್ಷವೂ ಕಾಂಡ ಸತ್ತು ಬೇರು ದಪ್ಪವಾಗುತ್ತ, ಒಂದು ದಿನ ಬೆಂಕಿಯ ನಾಲಿಗೆಗೆ ಎಟುಕದ ಎತ್ತರಕ್ಕೆ ಒಮ್ಮೆಲೆ ಏಳುವಷ್ಟು ದಾಸ್ತಾನು ಕೂಡುತ್ತದೆ. ಸಾಲ ಮುಂತಾದ ಮರಗಳ ಸಸಿಗಳು ಹೀಗೆ ಸತ್ತು ಹುಟ್ಟುವುದನ್ನು ಆರ್.ಎಸ್. ಟ್ರೂಪ್ 1921ರಲ್ಲೇ ಭಾರತದ ಮರಗಳ ಮೇಲಿನ ತಮ್ಮ ಮಹಾಗ್ರಂಥದಲ್ಲಿ ದಾಖಲಿಸಿದ್ದಾರೆ. ಬೆಂಕಿ ಹಾಯ್ದ ಅಡವಿಯಲ್ಲಿ ಸಸಿಯೇ ಇಲ್ಲವೆಂದು ಷರಾ ಬರೆಯುವವರು ನೆಲವನ್ನು ಅಗೆದು ನೋಡಬೇಕು. ಲಂಟಾನ ಮುಚ್ಚಿದ ಕಡೆಯ ಮಾತು ಬೇರೆ. ಮೇಲಿನ ಮರಗಳು ಬಿಟ್ಟುಕೊಟ್ಟ ಬೆಳಕನ್ನು ಎದೆಯೆತ್ತರದಲ್ಲಿ ಲಂಟಾನ ತಡೆದರೆ ಅಡವಿಯ ಸಸಿಗೆ ಬೇರಿಗಿಳಿಸಲು ಏನೂ ಉಳಿಯುವುದಿಲ್ಲ.

ಇನ್ನು, ಅಡವಿಯ ಮರದ ಕೆಳಗೆ ಕಾನಿನ ಸಸಿ ಬಂದು ನಿಂತರೆ ಏನಾಗುತ್ತದೆ? ಸೊರಬದ ಕಾನಿನ ಅಂಚಿನಲ್ಲಿ ಇದು ಕಣ್ಣಿಗೆ ಕಾಣುವ ಸಂಗತಿ. ಹಕ್ಕಿಗಳು ತಂದ ನೇರಳೆ, ರಾಂಪತ್ರೆಗಳ ಬೀಜ ಮತ್ತಿಯ ಬುಡದಲ್ಲಿ ಮೊಳೆಯುತ್ತವೆ. ಇಂಥದೇ ಪರಿಸ್ಥಿತಿಯನ್ನು ಜಪಾನಿನಲ್ಲಿ ಮಿಯಾಜಾವ ಮತ್ತು ಕಿಕುಜಾವ ಅಭ್ಯಾಸ ಮಾಡಿ 2005ರಲ್ಲಿ ಬರೆದರು. ಅಲ್ಲಿ ಮೇಲಿನ ಮರಗಳು ಚಳಿಗಾಲದಲ್ಲಿ ಬೋಳಾದಾಗ ಕೆಳಗಿನ ನಿತ್ಯಹಸುರಿನ ಸಸಿಗಳು ಆ ಬೆಳಕನ್ನು ಬಳಸಿ ಇಂಗಾಲ ಗಳಿಸುತ್ತವೆ, ಅವುಗಳ ವರ್ಷದ ಬದುಕಿಗೆ ಅದು ಮುಖ್ಯ. ಅಲ್ಲಿನ ಅಡ್ಡಿ ಚಳಿ, ನಮ್ಮಲ್ಲಿನ ಅಡ್ಡಿ ಒಣಗಾಳಿ.

ನನ್ನ ಎಣಿಕೆಯಲ್ಲಿ ನಮ್ಮ ಕಾನಿನಂಚಿನ ಸಸಿಗೆ ವರ್ಷದ ಸುಗ್ಗಿ ಕಾರ್ತಿಕದಿಂದ ಪುಷ್ಯದವರೆಗೆ. ಮಳೆ ನಿಂತು ಆಕಾಶ ತೆರೆದಿರುತ್ತದೆ, ಮಣ್ಣಿನಲ್ಲಿ ತೇವ ಉಳಿದಿರುತ್ತದೆ, ಬೆಳಗಿನ ಇಬ್ಬನಿ ಎಲೆಯನ್ನು ತಂಪಾಗಿಡುತ್ತದೆ, ಮೇಲೆ ಎಲೆ ಒಂದೊಂದಾಗಿ ಉದುರತೊಡಗಿರುತ್ತದೆ. ಎಲೆ ಉದುರಿಸುವ ಸಸಿ ಆಗ ಅಂಗಡಿ ಮುಚ್ಚುವ ತಯಾರಿಯಲ್ಲಿದ್ದರೆ, ಹಸುರು ಉಳಿಸಿಕೊಂಡ ಸಸಿ ದುಡಿಯುತ್ತಲೇ ಇರುತ್ತದೆ. ಮಾರ್ಚಿನ ಹೊತ್ತಿಗೆ ಅದೂ ಬೆಳಗಿನ ಕೆಲವು ಗಂಟೆ ಮಾತ್ರ ಪತ್ರರಂಧ್ರ ತೆರೆದು, ಬಿಸಿಲೇರುತ್ತಲೆ ಮುಚ್ಚಿಕೊಳ್ಳಬೇಕಾಗುತ್ತದೆ. ಹಾಗೆ ಮುಚ್ಚಿದ ಎಲೆಯ ಮೇಲೆ ಬೀಳುವ ಬಿಸಿಲು ಉಪಯೋಗಕ್ಕೆ ಬಾರದೆ ಹಾನಿ ಮಾಡಬಲ್ಲದು, ಆ ಶಕ್ತಿಯನ್ನು ಶಾಖವಾಗಿ ಹೊರಹಾಕುವ ವರ್ಣದ್ರವ್ಯಗಳು ಎಲೆಯಲ್ಲಿ ಇರಬೇಕಾಗುತ್ತದೆ. ಇಷ್ಟನ್ನೂ ದಾಟಿದ ಸಸಿ ಬೆಂಕಿಯಿಂದ ಉಳಿದರೆ, ಮತ್ತಿಯ ಕೆಳಗೆ ನಿಧಾನವಾಗಿ ಕಾನು ಕಟ್ಟುತ್ತದೆ. 20ನೆಯ ಶತಮಾನದ ಆರಂಭದ ಹೊತ್ತಿಗೆ ಬರ್ಮಾದ ತೇವದ ಕಾಡುಗಳಲ್ಲಿ ಬೆಂಕಿ ತಡೆದ ಅರಣ್ಯಾಧಿಕಾರಿಗಳಿಗೆ ಇದೇ ಚಿಂತೆಯಾಗಿತ್ತು. ನಿತ್ಯಹಸುರಿನ ಗಿಡಗಂಟಿ ಮುಚ್ಚಿ ತೇಗದ ಸಸಿ ಏಳಲಿಲ್ಲ. ಅವರಿಗೆ ಬೇಕಿದ್ದುದು ತೇಗ, ಹಾಗಾಗಿ ಅದು ನಷ್ಟವಾಗಿ ಕಂಡಿತು. ಹೊಳೆಯ ಮೂಲಗಳನ್ನು ಕಾಯುವ ಕಾನು ಬೇಕೆನ್ನುವ ನನ್ನಂಥವರಿಗೆ ಅದೇ ಭರವಸೆಯ ಸುದ್ದಿ. ಇಂಥ ಸಸಿಗೆ ಬೆಂಕಿಯೊಂದೇ ಅಡ್ಡಿಯಲ್ಲ. ತೋಟಕ್ಕೆ ಸೊಪ್ಪು, ದರಗು ಒಯ್ಯುವ ಸೊಪ್ಪಿನಬೆಟ್ಟದಲ್ಲಿ ಕೊಂಬೆ ಸವರಿದಾಗ ಕೆಳಗೆ ಬೆಳಕು ಹೆಚ್ಚುತ್ತದೆ, ಆದರೆ ದರಗು ಗುಡಿಸುವಾಗ ಅದೇ ಬೆಳಕಿಗೆ ಕಾದಿದ್ದ ಮೊಳಕೆಗಳೂ ಬುಟ್ಟಿ ಸೇರುತ್ತವೆ. ದರಗು ಒಯ್ಯುವವರು ಬೆಟ್ಟದ ಒಂದು ಭಾಗವನ್ನಾದರೂ ಸರದಿಯ ಮೇಲೆ ಗುಡಿಸದೆ ಬಿಡುವುದು ಕಷ್ಟವಲ್ಲ.

ಕಾನಿನ ದೊಡ್ಡ ಮರವೊಂದು ಮಳೆಗಾಲದ ಗಾಳಿಗೆ ಉರುಳಿದಾಗ ಕೆಳಗೆ ಆಗುವುದನ್ನು ಹೇಳಿ ಮುಗಿಸುತ್ತೇನೆ. ಹತ್ತಾರು ವರ್ಷ ಕಾದ ಸಸಿಗೆ ಸಂಭ್ರಮದ ದಿನ ಎಂದು ನಾವು ಊಹಿಸುತ್ತೇವೆ. ಮೊದಲ ವಾರಗಳು ಅದಕ್ಕೆ ಸಂಕಟದವು. ನೂರಕ್ಕೆ ಒಂದು ಪಾಲು ಬೆಳಕಿಗೆ ಕಟ್ಟಿದ ಎಲೆಯ ಮೇಲೆ ಪೂರ್ಣ ಬಿಸಿಲು ಬಿದ್ದಾಗ ದ್ಯುತಿಸಂಶ್ಲೇಷಣೆಯ ಯಂತ್ರಾಂಗವೇ ಕೆಡುತ್ತದೆ. ಎಲೆ ಹಳದಿಯಾಗುತ್ತದೆ, ಅಂಚು ಸುಡುತ್ತದೆ. ಬಲಿತ ಎಲೆ ತನ್ನ ಒಳರಚನೆಯನ್ನು ಹೆಚ್ಚು ಬದಲಿಸಿಕೊಳ್ಳಲಾರದು. ಸಸಿ ತನ್ನ ಬೇರು ಕಾಂಡಗಳ ದಾಸ್ತಾನಿನಿಂದ ಹೊಸ ಎಲೆ ಕಟ್ಟಬೇಕು. ಆ ಹೊಸ ಎಲೆ ದಪ್ಪಗಿರುತ್ತದೆ, ಅದರಲ್ಲಿ ಹಸುರು ಕೋಶಗಳ ಸಾಲು ಹೆಚ್ಚು, ರುಬಿಸ್ಕೋ ಹೆಚ್ಚು. ಹಳೆಯವು ಉದುರುತ್ತವೆ, ಗಿಡ ಏಳತೊಡಗುತ್ತದೆ. ದಾಸ್ತಾನಿಲ್ಲದ ಸಸಿ ಈ ಬದಲಾವಣೆಯ ನಡುವೆಯೇ ಸಾಯುತ್ತದೆ.

ನಮ್ಮ ಸಸ್ಯಕ್ಷೇತ್ರಗಳಲ್ಲಿ ಧೂಪ, ಹೈಗ, ನಾಗಸಂಪಿಗೆಗಳನ್ನು ನೆರಳುಬಟ್ಟೆಯ ಕೆಳಗೆ ಬೆಳೆಸಿ ಜೂನಿನಲ್ಲಿ ಬೋಳುಗುಡ್ಡದ ಗುಂಡಿಗೆ ಇಳಿಸಿದಾಗ ಆಗುವುದೂ ಇದೇ. ಮಳೆಗಾಲದ ಮೋಡ ಮೂರು ತಿಂಗಳು ನೆರಳಾಗಿ ಕಾಯುತ್ತದೆ, ಗಿಡ ಹಿಡಿಯಿತೆಂದು ವರದಿ ಹೋಗುತ್ತದೆ, ಅಕ್ಟೋಬರಿನ ಬಿಸಿಲಿಗೆ ಎಲೆ ಸುಡುತ್ತದೆ. ಈ ಸಸಿಗಳನ್ನು ಅಡವಿಯ ಮರಗಳ ಕೆಳಗೋ, ಹಳೆಯ ನೆಡುತೋಪಿನ ಅರೆನೆರಳಿನಲ್ಲೋ ನೆಟ್ಟು, ಮೇಲಿನ ಕೊಂಬೆಗಳನ್ನು ಎರಡು ಮೂರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಬಯಲಿಗೇ ನೆಡಬೇಕಾದಲ್ಲಿ ಮೊದಲು ಚಂದಕಲಿನಂಥ ಬೇಗ ಏಳುವ ಗಿಡ ಬರಲಿ, ಅದರ ನೆರಳು ಬಿದ್ದ ಮೇಲೆ ಧೂಪ ಬರಲಿ. ಸಸ್ಯಕ್ಷೇತ್ರದಲ್ಲಿಯೂ ನೆರಳುಬಟ್ಟೆಯನ್ನು ನೆಡುವುದಕ್ಕೆ ತಿಂಗಳುಗಳ ಮೊದಲೇ ಹಂತಹಂತವಾಗಿ ತೆಗೆಯಬೇಕು, ಹೊಸ ಬೆಳಕಿನಲ್ಲಿ ಕನಿಷ್ಠ ಒಂದು ಸುತ್ತು ಹೊಸ ಎಲೆ ಬಲಿತ ಮೇಲೆಯೇ ಸಸಿಯನ್ನು ಗಾಡಿಗೆ ಏರಿಸಬೇಕು.